ಹಂಪಮ್ಮನ ಕಿವಿ, ಕೊಂಡಾಪುರದ ಬಂಡೆ

ಹೈದರಾಬಾದಿನ ಕೊಂಡಾಪುರದಲ್ಲಿ ಮೊದಲು ಬಂಡೆಗಳಿದ್ದವು. ಆನೆಗಾತ್ರದವು, ಮನೆಗಾತ್ರದವು, ಒಂದರ ಹೆಗಲ ಮೇಲೆ ಇನ್ನೊಂದು ಕೂತವು. ಅವು ತಾವಾಗಿ ಎದ್ದು ಹೋಗಲಿಲ್ಲ. ತೂತು ಕೊರೆದು, ಮದ್ದು ತುಂಬಿ, ಸಿಡಿಸಿ, ಚೂರುಗಳನ್ನು ತಲೆಯ ಮೇಲೆ ಹೊತ್ತು ಲಾರಿಗೆ ಹಾಕಿದವರಿದ್ದಾರೆ. ಏಳನೇ ಮಹಡಿಯ ಗಾಜಿನ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುವವರಿಗೆ, ಈ ನೆಲ ಇಷ್ಟು ಸಪಾಟಾಗಿದ್ದು ಹೇಗೆ ಅಂತ ಒಂದು ದಿನವಾದರೂ ಅನ್ನಿಸಬೇಕಿತ್ತು. ಅನ್ನಿಸಿಲ್ಲ. ಅದಕ್ಕೇ ಇಲ್ಲಿನ ಕನ್ನಡಿಗರ ಈ ಪತ್ರಿಕೆಯಲ್ಲಿ ಹಂಪಮ್ಮನ ವಿಷಯ ಬರೆಯುತ್ತಿದ್ದೇನೆ.

ಹಂಪಮ್ಮ ಲಿಂಗಸೂಗೂರು ಕಡೆಯವಳು. ವಯಸ್ಸು ನಲವತ್ತೈದಿರಬಹುದು, ಅವಳಿಗೂ ಸರಿಯಾಗಿ ಗೊತ್ತಿಲ್ಲ. ಕಲ್ಲೊಡೆಯುವ ಮನೆತನದಲ್ಲಿ ಹುಟ್ಟಿ, ಕಲ್ಲೊಡೆಯುವ ಮನೆತನಕ್ಕೇ ಸೊಸೆಯಾಗಿ ಬಂದವಳು. ಗಂಡ ತಿಮ್ಮಣ್ಣ ಬಂಡೆಗೆ ತೂತು ಹಾಕುವುದರಲ್ಲಿ ಗಟ್ಟಿಗ. ತೊಂಬತ್ತೊಂಬತ್ತರಲ್ಲಿ ಒಬ್ಬ ಮೇಸ್ತ್ರಿ ಇವರ ಕಡೆಯ ಹನ್ನೆರಡು ಜೋಡಿಗಳನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಕೊಂಡಾಪುರದಲ್ಲಿ ಇಳಿಸಿದ. ಆಗ ಅಲ್ಲಿ ಕಂಪ್ಯೂಟರೂ ಇರಲಿಲ್ಲ, ಕಾಫಿಯೂ ಇರಲಿಲ್ಲ. ಬಂಡೆ, ಜಾಲಿ, ಹಾವು. ಗಂಡ ತೂತು ಕೊರೆದು ಮದ್ದು ತುಂಬುವುದು, ಕೆಂಪು ಬಟ್ಟೆ ಬೀಸಿ ಕೂಗುವುದು, ಹೆಂಗಸರು ಓಡಿಹೋಗಿ ಟಿಪ್ಪರ್ ಲಾರಿಯ ಹಿಂದೆ ಕೂರುವುದು, ಸಿಡಿದ ಮೇಲೆ ಬುಟ್ಟಿ ಹಿಡಿದು ವಾಪಸು ಬರುವುದು. ದಿನಕ್ಕೆ ನಾಲ್ಕು ಸಲ, ಆರು ಸಲ. ಕಟ್ಟಡಕ್ಕೆ ಪಾಯ ಬೇಗ ಬೇಕಾದರೆ ಹತ್ತು ಸಲ.

ಮೊದಲ ವರ್ಷ ಅವಳ ಕಿವಿಯಲ್ಲಿ ಸೀಟಿ ಊದಿದ ಹಾಗೆ ಆಗುತ್ತಿತ್ತು. ಎರಡನೇ ವರ್ಷ ಬಲಗಿವಿ ಸೋರಿತು. ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟುಕೊಂಡಳು. ಮೂರನೇ ವರ್ಷದ ಕೊನೆಗೆ ಎಲ್ಲರೂ ಕಂಬಳಿ ಹೊದ್ದು ಮಾತಾಡುವ ಹಾಗೆ ಕೇಳಿಸತೊಡಗಿತು, ಆಮೇಲೆ ಅದೂ ಇಲ್ಲ. ಗುತ್ತಿಗೆದಾರ ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಟ್ಟನಾ? ಕೊಟ್ಟಿದ್ದರೆ ಅವಳಿಗೆ ನೆನಪಿರುತ್ತಿತ್ತು. ತಿಮ್ಮಣ್ಣನಿಗೆ ಕಿವಿಯ ಜೊತೆ ಎದೆಯೂ ಹೋಯಿತು. ಕಲ್ಲಿನ ಧೂಳು ಕುಡಿದ ಕೆಮ್ಮು. ಆಸ್ಪತ್ರೆಯ ಚೀಟಿಯಲ್ಲಿ ಟಿ.ಬಿ. ಅಂತ ಬರೆದರು. ಎರಡು ಸಾವಿರದ ಮೂರರಲ್ಲಿ ಸತ್ತ. ಕಟ್ಟಡದ ಉದ್ಘಾಟನೆಯೂ ಅದೇ ವರ್ಷ.

ಆಮೇಲೆ ಅವಳು ಗೋಲ್ಕೊಂಡ ಕೋಟೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು. ಸೇರಿಸಿದವಳು ನೀಲಾ. ಬೀದರ ಕಡೆಯವಳು, ಕೋಟೆಯ ಹೊರಗೋಡೆಯ ಒಳಗಿನ ಗಲ್ಲಿಯಲ್ಲಿ ಇವಳ ಪಕ್ಕದ ಮನೆ. ಇಬ್ಬರೂ ಒಬ್ಬ ಖಾಸಗಿ ಗುತ್ತಿಗೆದಾರನ ಕೂಲಿಗಳು. ಕೋಟೆಯ ತುದಿ ಇವರಿಬ್ಬರ ಪಾಲಿಗೆ.

ಗೋಲ್ಕೊಂಡಕ್ಕೆ ನೀವೂ ಹೋಗಿದ್ದೀರಿ. ಊರಿಂದ ನೆಂಟರು ಬಂದರೆ ಒಂದು ಭಾನುವಾರ ಚಾರ್‌ಮಿನಾರ್, ಇನ್ನೊಂದು ಭಾನುವಾರ ಗೋಲ್ಕೊಂಡ. ಕೆಳಗಿನ ಬಾಗಿಲಿನ ಗುಮ್ಮಟದಡಿ ಗೈಡು ಚಪ್ಪಾಳೆ ತಟ್ಟುತ್ತಾನೆ, ಅದು ಗುಡ್ಡದ ತುದಿಯ ಬಾರಾದರಿ ಮಂಟಪದಲ್ಲಿ ಕೇಳಿಸುತ್ತದೆ. ಸುಲ್ತಾನರ ಕಾಲದ ಮೊಬೈಲು ಅನ್ನುತ್ತಾನೆ. ನೀವು ನಗುತ್ತೀರಿ. ನಗುವಾಗ ಮೇಲೆ ಪೊರಕೆ ಹಿಡಿದ ಒಬ್ಬಳು ತಲೆ ಎತ್ತಿ ನೋಡಿದ್ದು ನಿಮಗೆ ಕಾಣುವುದಿಲ್ಲ.

ಇವರ ಸೂಪರ್‌ವೈಸರ್ ಯಾದಗಿರಿಗೆ ಮಂಡಿನೋವು. ಮುನ್ನೂರರವತ್ತು ಮೆಟ್ಟಿಲು ಹತ್ತುವ ಆಸಾಮಿಯಲ್ಲ. ಕೂಲಿಗಳ ಕೈಯಲ್ಲಿ ಫೋನಿಲ್ಲ. ಹಾಗಾಗಿ ಅವನು ಸುಲ್ತಾನರ ಮೊಬೈಲನ್ನೇ ಬಳಸುತ್ತಿದ್ದ. ಎರಡು ಚಪ್ಪಾಳೆ ಅಂದರೆ ಕೆಳಗಿಳಿದು ಬನ್ನಿ. ಮೂರು ಅಂದರೆ ಯಾರೋ ದೊಡ್ಡವರು ಹತ್ತುತ್ತಿದ್ದಾರೆ, ಮೇಲೆ ಚೊಕ್ಕ ಮಾಡಿ. ದಿನವಿಡೀ ಪ್ರವಾಸಿಗಳು ತಟ್ಟುತ್ತಲೇ ಇರುತ್ತಾರಲ್ಲ, ಅದರಲ್ಲಿ ಇವನದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತ ನೀಲಾನ ಕೇಳಿದೆ.

"ಅಂವನ ಅಂಗೈ ದಪ್ಪ ಅದರಿ. ಮಂದಿ ಹೊಡದರ ಹಪ್ಪಳ ಮುರದಂಗ ಆಗ್ತದ. ಅಂವ ಹೊಡದರ ರೊಟ್ಟಿ ಬಡದಂಗ."

ಅಂದರೆ ಚಪ್ಪಾಳೆ ಕೇಳಿಸಿಕೊಳ್ಳುವುದು ಆ ಕೆಲಸದ ಅರ್ಧ. ಹಂಪಮ್ಮನಿಗೆ ಕೇಳಿಸುತ್ತಿರಲಿಲ್ಲ. ಇಬ್ಬರ ಪಾಲಿನದನ್ನೂ ನೀಲಾ ಕೇಳಿಸಿಕೊಂಡು ಪೊರಕೆ ಎತ್ತಿ ತೋರಿಸುತ್ತಿದ್ದಳು. ಮೂರು ವರ್ಷ ಹೀಗೆ ನಡೆಯಿತು. ಬೆಳಿಗ್ಗೆ ಹಾಜರಿ ಕೂಗುವಾಗ ನೀಲಾಳ ಹೆಸರಿನ ಹಿಂದೆಯೇ ಹಂಪಮ್ಮನ ಹೆಸರು. ನೀಲಾ ಕೈ ಎತ್ತಿ ಇಳಿಸಿದ ಕೂಡಲೇ ಇವಳು ಎತ್ತಿದರಾಯಿತು.

ಉಳಿದದ್ದನ್ನು ಹಂಪಮ್ಮ ತಾನೇ ನಿಭಾಯಿಸುತ್ತಿದ್ದಳು. ಅವಳ ಉಪಾಯ ಒಂದೇ, ಎದುರಿನವರಿಗೆ ಮಾತಾಡಲು ಬಿಡಬಾರದು. ಯಾರೇ ಹತ್ತಿರ ಬಂದರೂ ತಾನೇ ಮೊದಲು ಶುರುಮಾಡುವುದು, ಅದೂ ಗಟ್ಟಿ ದನಿಯಲ್ಲಿ. ಕೋಟೆಯ ಕಾವಲುಗಾರರೆಲ್ಲ ಅವಳನ್ನು ಜಗಳಗಂಟಿ ಅಂತಲೇ ತಿಳಿದಿದ್ದರು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಜಗಳಗಂಟಿಗೆ ಕೆಲಸ ಉಳಿಯುತ್ತದೆ.

"ಹೊರಗಿನ ಮಂದಿ ಏನಾರ ಕೇಳಿದರ?" ಅಂದೆ, ನೀಲಾ ಅವಳ ಕಣ್ಣಿಗೆ ಕಾಣುವ ಹಾಗೆ ಕೈಮಾಡಿ ದಾಟಿಸಿದಳು.

"ಮಂದಿ ಕ್ವಾಟಿಯೊಳಗ ಮೂರ ಮಾತು ಕೇಳತಾರ್ರಿ," ಅಂದಳು ಹಂಪಮ್ಮ. "ನೀರೆಲ್ಲಿ, ಸಂಡಾಸೆಲ್ಲಿ, ಇನ್ನ ಎಷ್ಟ ಮೆಟ್ಟಲ ಅದಾವ. ಮಾರಿ ನೋಡಿದ್ರ ತಿಳಿತೈತಿ. ಸಂಡಾಸಿನ ಮಾರಿನ ಬ್ಯಾರೆ."

ಕಳೆದ ಡಿಸೆಂಬರಿನ, ಅಂದರೆ ಎರಡು ಸಾವಿರದ ಆರರ, ಒಂದು ಬುಧವಾರ ಕೊಂಡಾಪುರದ ಒಂದು ಕಂಪನಿಯಿಂದ ಇಪ್ಪತ್ತೆರಡು ಜನ ಕೋಟೆ ನೋಡಲು ಬಂದರು. ಟೀಮ್ ಔಟಿಂಗ್. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಮುಂದಾಳು ಮೈಸೂರಿನ ಶ್ರೀಹರ್ಷ. ಆಟ, ಊಟ, ಬಹುಮಾನದ ಏರ್ಪಾಡು ಬೆಂಗಳೂರಿನ ಅಪೂರ್ವಳದು. ಒಳ್ಳೆಯ ಹುಡುಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಸಿಗುವುದಿಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ.

ಅರ್ಧ ಜನ ಶ್ರೀಹರ್ಷನ ಜೊತೆ ಕೆಳಗೆ ಗುಮ್ಮಟದಲ್ಲಿ ಉಳಿದರು. ಅರ್ಧ ಜನ ಅಪೂರ್ವಳ ಜೊತೆ ಮೇಲೆ ಹತ್ತಿದರು. ಕೆಳಗಿನವರು ಇಷ್ಟು ಅಂತ ಚಪ್ಪಾಳೆ ತಟ್ಟುವುದು, ಮೇಲಿನವರು ಎಣಿಸಿ ಬರೆಯುವುದು, ಆಮೇಲೆ ಫೋನ್ ಮಾಡಿ ತಾಳೆ ನೋಡುವುದು. ಅದು ಆಟ.

ಅವರು ತುದಿಗೆ ಬರುವ ಹೊತ್ತಿಗೆ ನೀಲಾ ಕುಡಿಯುವ ನೀರು ತರಲು ಕೊಡ ಹಿಡಿದು ಕೆಳಗಿಳಿದಿದ್ದಳು. ಹಂಪಮ್ಮ ಒಬ್ಬಳೇ ಬಾರಾದರಿಯ ಕಟ್ಟೆ ಗುಡಿಸುತ್ತಿದ್ದಳು. ಟೀ ಶರ್ಟಿನವರನ್ನು ಕಂಡ ಕೂಡಲೇ ತನ್ನ ಪದ್ಧತಿಯಂತೆ ಶುರುಮಾಡಿದಳು.

"ಕುಂದರ್ರಿ ಕುಂದರ್ರಿ, ನೆಳ್ಳಾಗ ಕುಂದರ್ರಿ. ನೀರ ಬರತಾವ. ಕಾಗದ ಒಗಿಬ್ಯಾಡ್ರಿ ಮತ್ತ, ಈಗರ ಹೊಡದೀನಿ."

"ಅಯ್ಯೋ, ಕನ್ನಡ!" ಅಂದಳು ಅಪೂರ್ವ. "ಯಾವೂರಮ್ಮ ನಿಮ್ದು?"

ಮುಖ ನೋಡಿದರೆ ನೀರಿನದಲ್ಲ, ಸಂಡಾಸಿನದಲ್ಲ. ಹಂಪಮ್ಮ ಮಾತು ತಿರುಗಿಸಿದಳು. ಬಡಗಣದ ಕಡೆ ಕೈ ತೋರಿಸಿದಳು. ದೂರದಲ್ಲಿ ಗಾಜಿನ ಕಟ್ಟಡಗಳು ಬಿಸಿಲಿಗೆ ಹೊಳೆಯುತ್ತಿದ್ದವು. "ನೀವು ಆ ಕಡೆಯಾವ್ರೇನ? ಆ ನೀರಿನ ಟಾಕಿ ಬಾಜೂಕ, ನೀಲಿ ಗಾಜಿಂದು?"

"ಹೌದು, ಅದೇ! ಅದೇ ನಮ್ಮ ಬಿಲ್ಡಿಂಗು. ನಿಮಗೆ ಹೇಗೆ ಗೊತ್ತು?"

ಅಪೂರ್ವಳ ತಲೆ ಆಡಿದ್ದನ್ನು ಹಂಪಮ್ಮ ನೋಡಿದಳು. "ಅದರ ಬಂಡಿ ನಾವ ಒಡದದ್ದವ್ವಾ. ನಾನು, ನಮ್ಮ ಮನಿಯಾಂವ. ಇದ್ರ ಕಿಂತಾ ದೊಡ್ಡವು ಇದ್ದೂ."

"ಸೂಪರ್," ಅಂದಳು ಅಪೂರ್ವ. ಅಷ್ಟರಲ್ಲಿ ಕೆಳಗಿನಿಂದ ಚಪ್ಪಾಳೆ ಬಂತು, ಎಲ್ಲರೂ ಆ ಕಡೆ ತಿರುಗಿದರು.

ಮೊದಲ ಸುತ್ತಿನಲ್ಲೇ ಜಗಳ. ಐದು ಜನ ಏಳು ಅಂದರು, ಆರು ಜನ ಎಂಟು ಅಂದರು. ಯಾರೋ ಒಬ್ಬ, "ಈ ಅಮ್ಮನ್ನ ಅಂಪೈರ್ ಮಾಡ್ರೋ, ದಿನಾ ಕೇಳ್ತಾರೆ, ಅವರ ಕಿವಿ ಪಳಗಿರತ್ತೆ," ಅಂದ. ಅಪೂರ್ವ ಹಂಪಮ್ಮನ ಕೈ ಹಿಡಿದು ಕಟ್ಟೆಯ ಅಂಚಿಗೆ ನಿಲ್ಲಿಸಿ, ತನ್ನ ಕೈಯಿಂದ ಚಪ್ಪಾಳೆಯ ಅಭಿನಯ ಮಾಡಿ, ಬೆರಳು ಎಣಿಸಿ ತೋರಿಸಿ, ಕೇಳಿದಳು, ಆಗುತ್ತಾ ಅಂತ.

ಹಂಪಮ್ಮನಿಗೆ ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು.

"ನಂಗ ಕೆಲಸ ಐತಿ," ಅಂದಳು.

"ಎರಡೇ ನಿಮಿಷ ಅಮ್ಮ. ಪ್ಲೀಸ್."

ಅಲ್ಲಿಂದ ಓಡಿಹೋಗಿದ್ದರೆ ಅನುಮಾನ. ನಿಂತರೆ ಇನ್ನೂ ಅನುಮಾನ. ನಿಂತಳು. ಕೆಳಗಿನವರು ತಟ್ಟಿದರು. ಅವಳು ಬಾಗಿಲಿನ ಕಡೆ ನೋಡಲಿಲ್ಲ, ಅಪೂರ್ವಳ ಗದ್ದವನ್ನು ನೋಡಿದಳು. ಪ್ರತಿ ಚಪ್ಪಾಳೆಗೂ ಹುಡುಗಿಯ ಗದ್ದ ಚೂರು ಕುಣಿಯುತ್ತಿತ್ತು, ತುಟಿ ಎಣಿಸುತ್ತಿತ್ತು.

"ಆರು," ಅಂದಳು ಹಂಪಮ್ಮ.

ಫೋನ್ ಮಾಡಿದರು. ಆರು. ಎಲ್ಲರೂ ಹೋ ಅಂದರು, ಒಬ್ಬ ಅವಳ ಬೆನ್ನು ತಟ್ಟಿದ. ನೀವು ಯಾವುದೇ ಕಾಲೇಜಿನಲ್ಲಿ ಓದಿರಿ, ಯಾವುದೇ ಪರೀಕ್ಷೆ ಪಾಸು ಮಾಡಿರಿ, ಆ ಹೊತ್ತಿನಲ್ಲಿ ಅವಳು ಓಡಿಸಿದ ಬುದ್ಧಿ ನಿಮ್ಮಲ್ಲಿಲ್ಲ. ಆಟ ಅಲ್ಲಿಗೆ ಮುಗಿದಿದ್ದರೆ ಅವಳ ಕೆಲಸ ಇವತ್ತಿಗೂ ಇರುತ್ತಿತ್ತು.

ಆದರೆ ಇವರು ಎಲ್ಲಕ್ಕೂ ನಿಯಮ ಮಾಡುವ ಜನ. "ಎಲ್ಲರೂ ಜೋರಾಗಿ ಎಣಿಸಿದ್ರೆ ಅಂಪೈರಿಗೆ ಸುಳಿವು ಸಿಗತ್ತೆ. ಎಲ್ಲರೂ ಅವರ ಹಿಂದೆ ನಿಲ್ಲಿ," ಅಂದ ಒಬ್ಬ. ನಿಂತರು. ಅಲ್ಲಿ ಕೆಳಗೆ ಶ್ರೀಹರ್ಷನಿಗೆ ಒಂದು ಚೇಷ್ಟೆ ಹೊಳೆದಿತ್ತು. ಈ ಸುತ್ತಿನಲ್ಲಿ ತಟ್ಟುವುದೇ ಬೇಡ, ಮೇಲಿನವರು ಏನು ಬರೆಯುತ್ತಾರೆ ನೋಡೋಣ.

ಹಂಪಮ್ಮನ ಮುಂದೆ ಬಯಲು ಮಾತ್ರ. ಗದ್ದವಿಲ್ಲ, ತುಟಿಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಇಷ್ಟೊತ್ತಿಗೆ ಮುಗಿದಿರಬೇಕು ಅನ್ನಿಸಿದಾಗ ಹೇಳಿದಳು.

"ಐದು."

ಹಿಂದಿನಿಂದ ನಗೆ ಸಿಡಿಯಿತು. ಅವಳಿಗೆ ಅದೂ ಕೇಳಿಸಲಿಲ್ಲ. ಐದು ಸರಿಯೋ ತಪ್ಪೋ ಅಂತ ಬಯಲನ್ನೇ ನೋಡುತ್ತ ನಿಂತಿದ್ದಳು. ಅಪೂರ್ವ ನಗಲಿಲ್ಲ. ಅವಳ ಬೆನ್ನ ಹಿಂದೆ ನಿಂತು "ಅಮ್ಮಾ" ಅಂದಳು. ಇನ್ನೊಮ್ಮೆ ಅಂದಳು. ಮೂರನೇ ಸಲ ಕೂಗಿಯೇ ಬಿಟ್ಟಳು.

"ಕಿವಿ ಕೇಳಲ್ಲ ಕಣ್ರೋ ಇವ್ರಿಗೆ," ಅಂದಳು. ನಗು ನಿಂತಿತು.

ಆಮೇಲೆ ಕೆಳಗಿನವರೂ ಹತ್ತಿ ಬಂದರು, ಇಪ್ಪತ್ತೆರಡು ಜನರಿಗೂ ಪಾಪ ಅನ್ನಿಸಿತು. ಬಿಸ್ಕತ್ತು ಕೊಟ್ಟರು. ಫೋಟೋ ತೆಗೆಸಿಕೊಂಡರು. ಕೆಳಗಿಳಿಯುವಾಗ ಅಪೂರ್ವ, ಇವರಿಗೆ ಏನಾದರೂ ಮಾಡಬೇಕು ಅಂದಳಂತೆ. ಬಾಗಿಲ ಬಳಿ ಶುಚಿ ಕೆಲಸದ ಗುತ್ತಿಗೆದಾರ ಒಂದು ಸಲಹೆ ಪುಸ್ತಕ ನೇತುಹಾಕಿದ್ದ. ಅದರಲ್ಲಿ ಯಾರೂ ಬರೆಯುವುದಿಲ್ಲ, ಬರೆದರೂ 'ನೀರಿಲ್ಲ' ಅಂತ ಒಂದು ಸಾಲು. ಆದರೆ ಇವರು ಊಟ ಮಾಡಿದ ಹೋಟೆಲಿಗೂ ಹತ್ತಿದ ಟ್ಯಾಕ್ಸಿಗೂ ಫೀಡ್‌ಬ್ಯಾಕ್ ಬರೆದು ಅಭ್ಯಾಸವಾದವರು. ಅಪೂರ್ವ ಬಾಗಿಲ ಕಾವಲುಗಾರನ ಹತ್ತಿರ ಅವಳ ಹೆಸರು ಕೇಳಿಕೊಂಡು, ಮುದ್ದಾದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಮುಕ್ಕಾಲು ಪುಟ ಬರೆದಳು. ಶುಚಿತ್ವಕ್ಕೆ ಐದಕ್ಕೆ ನಾಲ್ಕು. ಮೇಲೆ ಕೆಲಸ ಮಾಡುವ ಹಂಪಮ್ಮ ಎಂಬುವರು ಬಹಳ ಒಳ್ಳೆಯವರು, ಅವರಿಗೆ ಕಿವಿ ಸಂಪೂರ್ಣ ಕೇಳಿಸುವುದಿಲ್ಲ, ದಯವಿಟ್ಟು ಅವರಿಗೆ ಸುಲಭವಾದ, ಅಪಾಯವಿಲ್ಲದ ಕೆಲಸ ಕೊಡಿ. ಕೆಳಗೆ ಹೆಸರು, ಕಂಪನಿ, ಫೋನ್ ನಂಬರು.

ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಯಾದಗಿರಿ, "ಏಮ್ಮಾ, ಎಂದುಕಮ್ಮಾ ಇದಂತಾ," ಅಂತ ಮೆಲ್ಲಗೆ ಅಂದ. ಯಾಕಮ್ಮ ಇದೆಲ್ಲ ಅಂತ. ಹುಡುಗಿಗೆ ತೆಲುಗು ಬರುತ್ತಿರಲಿಲ್ಲ. ಥ್ಯಾಂಕ್ಯೂ ಅಂದು ಹೋದಳು.

ಆ ಪುಸ್ತಕದ ಪುಟಗಳ ನಕಲು ಪ್ರತಿ ಶನಿವಾರ ಗುತ್ತಿಗೆದಾರನ ಆಫೀಸಿಗೆ ಹೋಗುತ್ತದೆ. ಮುಂದಿನ ಮಂಗಳವಾರ ಉತ್ತರ ಬಂತು. ಗೋಡೆ ಕಲ್ಲು ಸಡಿಲವಿರುವ ಜಾಗದಲ್ಲಿ, ಎಚ್ಚರಿಕೆ ಕೂಗಿದರೆ ಕೇಳಿಸದವರನ್ನು ಇಟ್ಟುಕೊಳ್ಳುವಂತಿಲ್ಲ. ಸುರಕ್ಷತೆಯ ನಿಯಮ. ಬಂಡೆ ಸಿಡಿಸುವಾಗ ಎಲ್ಲಿತ್ತೋ ಈ ನಿಯಮ, ಕಿವಿ ಹೋದ ನಾಲ್ಕು ವರ್ಷಕ್ಕೆ ಮೆಟ್ಟಿಲು ಹತ್ತಿ ಬಂತು. ಸುಲಭದ ಕೆಲಸ ಯಾವುದಾದರೂ? ಇಲ್ಲ.

ನೀಲಾ ಯಾದಗಿರಿಯ ಮೇಲೆ ಹರಿಹಾಯ್ದಳು. ನೀನೇ ಚಾಡಿ ಹೇಳಿದ್ದೀ ಅಂದಳು. ಅವನೂ ತನ್ನ ತೆಲುಗಿನಲ್ಲಿ ರೇಗಿದ. "ನನಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ದೀಯಾ? ಮೂರು ವರ್ಷದಿಂದ ಗೊತ್ತು. ಹಾಜರಿ ಪಟ್ಟಿಯಲ್ಲಿ ನಿನ್ನ ಹೆಸರಿನ ಹಿಂದೆ ಅವಳ ಹೆಸರು ಇಟ್ಟಿದ್ದು ಯಾರು? ಬಾಯಲ್ಲಿ ಇರೋವರೆಗೆ ನನಗೆ ಗೊತ್ತಿಲ್ಲ ಅನ್ನಬಹುದು. ಕಾಗದದ ಮೇಲೆ ಬಂದಮೇಲೆ ಏನನ್ನಲಿ?"

ಹಂಪಮ್ಮನಿಗೆ ಹೇಳುವ ಕೆಲಸವೂ ಅವನದೇ. ಆವತ್ತು ಮಂಡಿನೋವನ್ನೂ ಲೆಕ್ಕಿಸದೆ ಅವನೇ ಮೇಲೆ ಹತ್ತಿದ. ಅವನು ಹತ್ತಿ ಬಂದದ್ದು ಕಂಡೇ ಅವಳಿಗೆ ತಿಳಿದುಹೋಯಿತು. ಅವನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು.

"ಕಟ್ಟಿ ಹೊಡದೀನ್ರಿ. ಗುಡಿ ಮುಂದ ತೆಂಗಿನ ಚಿಪ್ಪ ಬಿದ್ದಿದ್ದೂ, ಆರಿಸಿ ಒಂದ ಕಡೆ ಹಾಕೀನಿ. ಮಸೀದಿ ಬಾಜೂಕ ಹುಲ್ಲ ಕಿತ್ತೀನಿ. ಸೀತಾಫಲದ ಗಿಡದ ಬುಡಕ ಬಾಟಲಿ ಬಾಳ ಬಿದ್ದಾವು, ಅವನ್ನ ನಾಳೆ ತಗೀತೀನಿ. ನಾಡಿದ್ದ ಮ್ಯಾಲಿನ ಕಿಡಕಿ ಜ್ಯಾಡರ ಬಲಿ ತಗೀತೀನಿ…"

ನೀಲಾ ಹೇಳುತ್ತಾಳೆ, ಅಷ್ಟು ಹೊತ್ತು ಅವಳು ಮಾತಾಡಿದ್ದನ್ನು ಯಾವತ್ತೂ ನೋಡಿಲ್ಲ ಅಂತ. ನಿಂತರೆ ಅವನು ಹೇಳಿಬಿಡುತ್ತಾನೆ. ನಾಳೆಯ ಕಸ, ನಾಡಿದ್ದಿನ ಕಸ, ಬೋನಾಲು ಜಾತ್ರೆಗೆ ಬೀಳುವ ಕಸ, ಎಲ್ಲ ಹೇಳಿ ಮುಗಿಸಿದಳು. ಯಾದಗಿರಿ ತಡೆಯಲಿಲ್ಲ. ಕೊನೆಗೆ ಅವಳ ಉಸಿರು ಸಾಲದೆ ಹೋದಾಗ, ಅಂಗೈ ಎತ್ತಿ ಅಡ್ಡಡ್ಡ ಆಡಿಸಿದ. ಅವಳು ಪೊರಕೆಯನ್ನು ಗೋಡೆಗೆ ಆನಿಸಿ ಇಳಿದು ಹೋದಳು.

ಈಗ ಅವಳು ಬೆಳಿಗ್ಗೆ ಮೆಹದಿಪಟ್ಟಣಂ ಕೂಲಿ ಅಡ್ಡಾದಲ್ಲಿ ನಿಲ್ಲುತ್ತಾಳೆ. ಆಟೋ ಬರುತ್ತದೆ, "ಇಬ್ಬರು ಹೆಂಗಸರು" ಅಂತ ಮೇಸ್ತ್ರಿ ಕೂಗುತ್ತಾನೆ. ಕೇಳಿಸಿದವರು ಓಡಿ ಹತ್ತುತ್ತಾರೆ. ಇವಳು ಬೇರೆಯವರು ಓಡಿದ್ದು ನೋಡಿ ಓಡುವಷ್ಟರಲ್ಲಿ ಆಟೋ ತುಂಬಿರುತ್ತದೆ. ವಾರಕ್ಕೆ ಒಂದು ದಿನ ಕೆಲಸ ಸಿಕ್ಕರೆ ಹೆಚ್ಚು.

ನಾನೂ ನೀಲಾನೂ ಅವಳನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದೆವು. ಕೆಲಸದಲ್ಲಿ ಹೋದ ಕಿವಿಗೆ ಪರಿಹಾರ ಕೇಳಬಹುದು ಅಂತ. ಗುಮಾಸ್ತ ಸಭ್ಯ ಮನುಷ್ಯ, ಕುರ್ಚಿ ಕೊಟ್ಟ, ಅರ್ಜಿ ತೆಗೆದುಕೊಂಡ. ಯಾವ ನಿವೇಶನ, ಯಾವ ಗುತ್ತಿಗೆದಾರ, ಯಾವ ವರ್ಷದಿಂದ ಯಾವ ವರ್ಷ, ಹಾಜರಿ ಚೀಟಿ ಇದೆಯಾ ಅಂತ ಕೇಳಿದ. ಕರೆತಂದ ಮೇಸ್ತ್ರಿ ಎಲ್ಲಿದ್ದಾನೋ ಗೊತ್ತಿಲ್ಲ. ಅವನ ಮೇಲಿನ ಗುತ್ತಿಗೆದಾರನ ಹೆಸರು ಇವಳಿಗೆ ಯಾರೂ ಹೇಳಿರಲೇ ಇಲ್ಲ.

"ಬಂಡಿ ಐತ್ರಿ," ಅಂದಳು ಹಂಪಮ್ಮ, ನೀಲಾ ಕೈಮಾಡಿ ದಾಟಿಸಿದ್ದನ್ನು ನೋಡಿ. "ಒಂದ ಬಂಡಿ ಉಳಸ್ಯಾರ."

ಹೋಗಿ ನೋಡಿದೆವು. ನಿಜ. ಆ ನೀಲಿ ಗಾಜಿನ ಕಟ್ಟಡದ ಮುಂದೆ ಒಂದೇ ಒಂದು ಬಂಡೆಯನ್ನು ಚಂದಕ್ಕೆ ಉಳಿಸಿಕೊಂಡಿದ್ದಾರೆ. ಸುತ್ತ ಹುಲ್ಲು, ಬುಡದಲ್ಲಿ ದೀಪ. ಒಂದು ಮಗ್ಗುಲು ಸಿಡಿದು ಹೋಗಿದೆ, ಅದರ ಮೇಲೆ ಸೀಳಿದ ಕೊಳವೆಯಂಥ ಐದು ಗೆರೆ, ಮದ್ದು ತುಂಬಿದ ತೂತಿನ ಗುರುತು. ಅವಳು ಬೇಲಿಯ ಆಚೆಯಿಂದಲೇ ತೋರಿಸಿದಳು. "ಇವು ನಮ್ಮ ಮನಿಯಾಂವನವು. ಎಡಗೈ ಮನಿಶ್ಯಾ, ಅಂವನ ತೂತು ಬಲಕ್ಕ ವಾಲತಾವ." ಐದೂ ಬಲಕ್ಕೆ ವಾಲಿದ್ದವು. ಫೋಟೋ ತೆಗೆಯಲು ಹೋದರೆ ಸೆಕ್ಯುರಿಟಿಯವನು ಓಡಿ ಬಂದು, ಇಲ್ಲಿ ನಿಲ್ಲಬೇಡಿ ಅಂದ.

ಸಲಹೆ ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಡೆದದ್ದು ಹೇಳಿದೆ. ಅಪೂರ್ವ ಅತ್ತಳು.

"ಸರ್, ನಾನು ಒಳ್ಳೇದಕ್ಕೇ ಬರೆದೆ."

"ಗೊತ್ತಮ್ಮ. ಈಗ ಇನ್ನೊಂದು ಬರೀಬೇಕು. ನಿಮ್ಮ ಕಟ್ಟಡದ ಪಾಯದ ಬಂಡೆ ಒಡೆಸಿದ ಗುತ್ತಿಗೆದಾರ ಯಾರು ಅಂತ ನಿಮ್ಮ ಆಫೀಸಲ್ಲಿ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ."

"ಅದು ಫೆಸಿಲಿಟೀಸ್‌ನವರ ಹತ್ರ ಇರತ್ತೆ ಸರ್. ನಾನು ಕೇಳಿದ್ರೆ ಯಾಕೆ ಅಂತಾರೆ."

"ಯಾಕೆ ಅಂತ ಹೇಳಿ."

"ಸರ್, ಈಗ ಅಪ್ರೈಸಲ್ ಟೈಮು," ಅಂದಳು.

ಆಮೇಲೆ ಅವಳು ನನ್ನ ಫೋನು ಎತ್ತಲಿಲ್ಲ. ಆ ಒಬ್ಬ ಹುಡುಗಿಯನ್ನು ಬೈದು ನೀವು ಹಗುರಾಗುವುದು ಬೇಡ. ಒಬ್ಬಳೇ ಕೇಳಿದರೆ ಅವಳ ಕೆಲಸಕ್ಕೆ ಕುತ್ತು ಬಂದರೂ ಬಂದೀತು, ಅವಳ ಹೆದರಿಕೆ ಸುಳ್ಳಲ್ಲ. ಆದರೆ ಆ ಕಟ್ಟಡದಲ್ಲಿ ಕನ್ನಡದವರೇ ಎಪ್ಪತ್ತು ಎಂಬತ್ತು ಜನ ಇದ್ದೀರಿ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಸಿಕಂದರಾಬಾದಿಗೆ ಬಂದು, ಶಲ್ಯ ಹಾಕಿಕೊಂಡು, ಹೊರನಾಡಲ್ಲಿ ಕನ್ನಡಿಗರು ಒಬ್ಬರಿಗೊಬ್ಬರು ಆಗಬೇಕು ಅಂತ ಭಾಷಣ ಕೇಳಿ, ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡವರು. ಹಂಪಮ್ಮನೂ ಹೊರನಾಡ ಕನ್ನಡತಿಯೇ. ಅವಳು ಒಡೆದ ನೆಲದ ಮೇಲೆ ನಿಮ್ಮ ಕುರ್ಚಿ ಇದೆ.

ಗುಮಾಸ್ತ ಈ ತಿಂಗಳ ಇಪ್ಪತ್ತೆಂಟರವರೆಗೆ ಸಮಯ ಕೊಟ್ಟಿದ್ದಾನೆ. ಆಮೇಲೆ ಅರ್ಜಿ ಮುಚ್ಚುತ್ತಾನೆ. ಬೇಕಾಗಿರುವುದು ಒಂದು ಹೆಸರು, ಎರಡು ಇಸವಿ. ಚಂದಾ ಬೇಡ, ಹಳೆ ಸೀರೆ ಬೇಡ, ನಿಮ್ಮ ಕಣ್ಣೀರಂತೂ ಬೇಡವೇ ಬೇಡ. ಸೋಮವಾರ ಬೆಳಿಗ್ಗೆ ಆ ಕಟ್ಟಡದ ಒಳಗೆ ಹೋಗುವಾಗ ನಾಲ್ಕು ಜನ ಒಟ್ಟಿಗೆ ಹೋಗಿ. ತೊಂಬತ್ತೊಂಬತ್ತರಿಂದ ಎರಡು ಸಾವಿರದ ಎರಡರವರೆಗೆ ಇಲ್ಲಿ ಬಂಡೆ ಸಿಡಿಸಿದ ಗುತ್ತಿಗೆದಾರ ಯಾರು ಅಂತ ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಆ ಮೇಜಿನ ಮುಂದೆ ನಿಲ್ಲಿ. ಬಂದ ಹೆಸರನ್ನು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಇಪ್ಪತ್ತೆಂಟರೊಳಗೆ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ.